ಕೈ ಚಾಚುವ ಮೊದಲು ಸ್ವಲ್ಪ ತಡೆಯೋಣ

(ತಾಲ್ಲೂಕು ಗ್ರಂಥಾಲಯದ ಸಭಾಂಗಣದಲ್ಲಿ ಪೋಷಕರು, ಅಜ್ಜ-ಅಜ್ಜಿಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಈಗಷ್ಟೇ ನಡೆಯಲು ಕಲಿತ ಮಗು ಒಂದು ಗಂಟೆಯಲ್ಲಿ ಎಷ್ಟು ಸಲ ಬೀಳುತ್ತದೆ? ಐದು ಅಂದರು ಒಬ್ಬರು. ಹತ್ತು ಅಂದರು ಇನ್ನೊಬ್ಬರು. ಹಿಂದಿನ ಸಾಲಿನ ಅಜ್ಜಿ, "ಅದನ್ನೆಲ್ಲ ಲೆಕ್ಕ ಇಡೋಕಾಗತ್ತಾ?" ಅಂತ ಕೇಳುತ್ತಿದ್ದಾರೆ. ಲೆಕ್ಕ ಇಟ್ಟವರು ಇದ್ದಾರೆ ಅಜ್ಜಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಅವರ ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ತಮ್ಮ ಪಾಡಿಗೆ ಆಡುವುದನ್ನು ವಿಡಿಯೊ ಮಾಡಿ, ಒಂದೊಂದು ಹೆಜ್ಜೆಯನ್ನೂ ಎಣಿಸಿದರು. 2012ರಲ್ಲಿ ಆ ಲೆಕ್ಕ ಪ್ರಕಟವಾಯಿತು. ಸರಾಸರಿ ಗಂಟೆಗೆ 2,368 ಹೆಜ್ಜೆ. ಗಂಟೆಗೆ 17 ಸಲ ಬೀಳುವುದು.

ಹದಿನೇಳು ಸಲ! ಆದರೂ ಮಗು ಎದ್ದು ಮತ್ತೆ ನಡೆಯುತ್ತದೆ. "ನನಗೆ ಇದು ಬರಲ್ಲ, ಬಿಟ್ಟುಬಿಡ್ತೀನಿ" ಅನ್ನುವುದಿಲ್ಲ. ಮೊದಲು ಎಡಗಾಲು, ಆಮೇಲೆ ಬಲಗಾಲು ಅಂತ ಅದಕ್ಕೆ ಯಾರೂ ಪಾಠ ಮಾಡಿರುವುದಿಲ್ಲ. ಬಿದ್ದದ್ದನ್ನು ಯಾರೂ ತಪ್ಪು ಅಂತ ಎಣಿಸುವುದಿಲ್ಲ. ನಾವೆಲ್ಲ ಸುತ್ತ ಕೂತು ಚಪ್ಪಾಳೆ ತಟ್ಟುತ್ತೇವೆ. ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಪೂಜೆ ಮಾಡಿ ಸಿಹಿ ಹಂಚುವ ಮನೆಗಳು ನಮ್ಮಲ್ಲಿ ಇವತ್ತಿಗೂ ಇವೆ. ಎಷ್ಟು ಒಳ್ಳೆಯ ಪದ್ಧತಿ ನೋಡಿ. ಮಗು ಒಂದು ಗಡಿ ದಾಟಿತು ಅಂತ ಇಡೀ ಮನೆ ಹಬ್ಬ ಮಾಡುತ್ತದೆ.

ಅದೇ ಮಗುವಿಗೆ ಮೂರು ವರ್ಷ ಆಗುವ ಹೊತ್ತಿಗೆ ಅದೇ ಮನೆಯಲ್ಲಿ ಕೇಳಿಸುವ ಮಾತುಗಳೇ ಬೇರೆ. ಮುಟ್ಟಬೇಡ. ಹತ್ತಬೇಡ. ಚೆಲ್ತೀಯ. ಕೊಡು ಇಲ್ಲಿ, ನಾನು ಮಾಡ್ತೀನಿ. ಸುಮ್ನೆ ಕೂತ್ಕೋ. ಇದರಲ್ಲಿ ಕೆಟ್ಟ ಮನಸ್ಸಿಲ್ಲ. ಪ್ರೀತಿ ಇದೆ, ಗಡಿಬಿಡಿ ಇದೆ, ಭಯ ಇದೆ. ಆದರೆ ನಡೆಯಲು ಕಲಿಯುವಾಗ ಕೊಟ್ಟಿದ್ದ ಅವಕಾಶವನ್ನು ನಾವು ವಾಪಸ್ ತೆಗೆದುಕೊಂಡಿರುತ್ತೇವೆ.

ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದದ್ದು ಒಂದೇ ವಿಷಯ. ಮಕ್ಕಳಿಗೆ ಸ್ವಾತಂತ್ರ್ಯ ಕೊಡಿ ಅಂದಾಗ ತುಂಬ ಜನ, ಅದರ ಪಾಡಿಗೆ ಅದನ್ನು ಬಿಟ್ಟುಬಿಡಿ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ನನ್ನ ಪ್ರಕಾರ ಸ್ವಾತಂತ್ರ್ಯ ಕೊಡುವುದು ದೊಡ್ಡವರು ಮಾಡಬೇಕಾದ ಕೆಲಸ. ಮಗು ತಾನೇ ಮಾಡಲು ಆಗುವ ಹಾಗೆ ಮೊದಲು ಜಾಗ ಸಿದ್ಧ ಮಾಡಬೇಕು. ಆಮೇಲೆ ಪಕ್ಕದಲ್ಲೇ ಇದ್ದು, ನಮ್ಮ ಕೈಯನ್ನು ನಾವೇ ತಡೆದುಕೊಳ್ಳಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಈ ವಿಷಯವನ್ನು ತುಂಬ ಹಿಂದೆಯೇ, ತುಂಬ ಸ್ಪಷ್ಟವಾಗಿ ಕಂಡವರು ಇಟಲಿಯ ಮರಿಯಾ ಮಾಂಟೆಸ್ಸರಿ. ನಮ್ಮ ಊರುಗಳಲ್ಲಿ ಬೀದಿಗೊಂದು ಮಾಂಟೆಸ್ಸರಿ ಬೋರ್ಡ್ ಇದೆ, ಆದರೆ ಅವರ ಕತೆ ಗೊತ್ತಿರುವವರು ಕಡಿಮೆ. ಅವರು ಓದಿದ್ದು ವೈದ್ಯಕೀಯ. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆದರು. ಬುದ್ಧಿಮಾಂದ್ಯ ಮಕ್ಕಳು ಅಂತ ಆಗ ಕರೆಯುತ್ತಿದ್ದ ಮಕ್ಕಳ ಜೊತೆ ಕೆಲಸ ಮಾಡಿದರು. ಕೈಗೆ ಸಿಗುವ, ಹಿಡಿದು ತಿರುಗಿಸಿ ನೋಡಬಹುದಾದ ವಸ್ತುಗಳಿಂದ ಆ ಮಕ್ಕಳು ಎಷ್ಟು ಕಲಿಯುತ್ತಾರೆ ಅನ್ನುವುದು ಅಲ್ಲಿ ಅವರಿಗೆ ಕಂಡಿತು.

ರೋಮ್‌ನಲ್ಲಿ ಸ್ಯಾನ್ ಲೊರೆಂಜೊ ಅಂತ ಒಂದು ಬಡವರ ಬಡಾವಣೆ. ಅಲ್ಲಿಯ ಹಳೆಯ ವಠಾರಗಳನ್ನು ಒಂದು ಸಂಸ್ಥೆ ರಿಪೇರಿ ಮಾಡಿಸಿ, ಕೂಲಿ ಮಾಡುವ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತ್ತು. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ಗೋಡೆ ಗೀಚುವುದು, ಮೆಟ್ಟಿಲು ಗಲೀಜು ಮಾಡುವುದು. ಕಟ್ಟಡ ಹಾಳಾಗಬಾರದು, ಈ ಮಕ್ಕಳನ್ನು ಒಂದು ಕಡೆ ಕೂಡಿಹಾಕಿ ನೋಡಿಕೊಳ್ಳುವವರು ಬೇಕು. ಅಷ್ಟೇ ಅವರ ಉದ್ದೇಶ. ಹಾಗೆ 1907ರ ಜನವರಿ 6ರಂದು ಒಂದು ಕೋಣೆಯಲ್ಲಿ ಐವತ್ತರಷ್ಟು ಮಕ್ಕಳೊಂದಿಗೆ ಮಾಂಟೆಸ್ಸರಿಯವರ ಮೊದಲ ಮಕ್ಕಳ ಮನೆ ಶುರುವಾಯಿತು. ದಿನವಿಡೀ ಮಕ್ಕಳ ಜೊತೆ ಇರಲು ಸಿಕ್ಕಿದ್ದು ಶಿಕ್ಷಕರ ತರಬೇತಿ ಇಲ್ಲದ ಒಬ್ಬ ಯುವತಿ.

ಅಲ್ಲಿ ನಡೆದ ಎರಡು ಸಂಗತಿ ಹೇಳಲೇಬೇಕು.

ಮರದ ದಿಮ್ಮಿಯಲ್ಲಿ ಬೇರೆ ಬೇರೆ ಗಾತ್ರದ ಗುಳಿಗಳು. ಒಂದೊಂದು ಗುಳಿಗೂ ಸರಿಯಾಗಿ ಕೂರುವ ಒಂದೊಂದು ಮರದ ಉರುಳೆ. ಮೂರು ವರ್ಷದ ಒಂದು ಹೆಣ್ಣುಮಗು ಉರುಳೆಗಳನ್ನು ಹೊರಗೆ ತೆಗೆಯುತ್ತಾಳೆ, ಮತ್ತೆ ಕೂರಿಸುತ್ತಾಳೆ. ಮತ್ತೆ ತೆಗೆಯುತ್ತಾಳೆ. ಮಾಂಟೆಸ್ಸರಿ ಎಣಿಸಲು ಶುರು ಮಾಡಿದರು. ಇವಳ ಗಮನ ಎಷ್ಟು ಗಟ್ಟಿ ಅಂತ ನೋಡಲು ಬೇರೆ ಮಕ್ಕಳಿಗೆ ಹಾಡಲು, ಓಡಾಡಲು ಹೇಳಿದರು. ಅವಳು ತಲೆ ಎತ್ತಲಿಲ್ಲ. ಅವಳು ಕೂತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲೆ ಇಟ್ಟರು. ಅವಳು ಉರುಳೆಗಳನ್ನು ಮಡಿಲಲ್ಲಿ ಹಿಡಿದುಕೊಂಡು ಅಲ್ಲೇ ಮುಂದುವರಿಸಿದಳು. ನಲವತ್ತಕ್ಕೂ ಜಾಸ್ತಿ ಸಲ ಮಾಡಿದ ಮೇಲೆ, ಯಾರೂ ಹೇಳದೆ, ತಾನೇ ನಿಲ್ಲಿಸಿದಳು. ನಿದ್ದೆ ತಿಳಿದು ಎದ್ದವಳ ಹಾಗೆ ಸುತ್ತ ನೋಡಿ ನಕ್ಕಳು. ಮುಖದಲ್ಲಿ ದಣಿವು ಇರಲಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು. ಮೂರು ವರ್ಷದ ಮಗುವಿಗೆ ಏಕಾಗ್ರತೆ ಇಲ್ಲ ಅಂತ ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ. ಎರಡು ನಿಮಿಷಕ್ಕೊಮ್ಮೆ "ಬಾ ಹಾಲು ಕುಡಿ", "ಮಾಮನಿಗೆ ಹಾಯ್ ಹೇಳು", "ಇದು ಯಾವ ಬಣ್ಣ ಹೇಳು" ಅಂತ ಅದರ ಕೆಲಸ ಕೆಡಿಸುವವರು ನಾವೇ ಅಲ್ವಾ?

ಎರಡನೆಯ ಸಂಗತಿ ಬೀರುವಿನದು. ಆಟಿಕೆ, ಕಲಿಕೆಯ ವಸ್ತು ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವ ರೂಢಿ ಇತ್ತು. ಟೀಚರ್ ತೆಗೆದು ಹಂಚಬೇಕು, ವಾಪಸ್ ಪಡೆದು ಒಳಗಿಡಬೇಕು. ಒಂದು ದಿನ ಬೀಗ ಹಾಕುವುದು ಮರೆತುಹೋಗಿತ್ತು. ಮರುದಿನ ಟೀಚರ್ ತಡವಾಗಿ ಬಂದರು. ನೋಡಿದರೆ ಮಕ್ಕಳು ಬೀರು ತೆರೆದು, ತಮಗೆ ಬೇಕಾದದ್ದನ್ನು ತೆಗೆದುಕೊಂಡು ಹೋಗುತ್ತಿದ್ದಾರೆ. ಟೀಚರ್‌ಗೆ ಅದು ಕಳ್ಳತನದ ಹಾಗೆ ಕಂಡಿತು. ಮಾಂಟೆಸ್ಸರಿಗೆ ಬೇರೆಯೇ ಕಂಡಿತು. ಈ ಮಕ್ಕಳಿಗೆ ಯಾವ ವಸ್ತು ಎಲ್ಲಿದೆ ಗೊತ್ತಿದೆ, ತಮಗೆ ಯಾವುದು ಬೇಕು ಅನ್ನುವುದೂ ಗೊತ್ತಿದೆ ಅಂತ. ಆಮೇಲೆ ಮಕ್ಕಳ ಕೈಗೆ ಎಟುಕುವಷ್ಟು ತಗ್ಗಿನ ಬೀರು ಮಾಡಿಸಿದರು.

ನೂರು ವರ್ಷ ದಾಟಿದೆ. ಇವತ್ತಿಗೂ ನಾನು ಅಂಗನವಾಡಿಗೋ ನರ್ಸರಿಗೋ ಹೋದಾಗ ಮೊದಲು ನೋಡುವುದು ಆಟದ ಸಾಮಾನು ಎಲ್ಲಿದೆ ಅಂತ. ಅಟ್ಟದ ಮೇಲೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿದ್ದರೆ ಹೊಟ್ಟೆ ಉರಿಯುತ್ತದೆ. ಕಾರ್ಯಕರ್ತೆಯರನ್ನು ಬೈಯುತ್ತಿಲ್ಲ. ಕಳೆದುಹೋದರೆ, ಮುರಿದರೆ ಲೆಕ್ಕ ಕೊಡಬೇಕಾದವರು ಅವರೇ. ಮುರಿದ ಆಟಿಕೆಗೆ ಲೆಕ್ಕ ಕೇಳುವ ಮೇಲಿನವರು, ಯಾರೂ ಮುಟ್ಟದ ಆಟಿಕೆಗೂ ಲೆಕ್ಕ ಕೇಳುವಂತಾಗಬೇಕು.

ಮಾಂಟೆಸ್ಸರಿಯವರ ಸ್ವಾತಂತ್ರ್ಯದಲ್ಲಿ ಕಟ್ಟುನಿಟ್ಟೂ ಇತ್ತು. ಒಂದೊಂದು ವಸ್ತುವೂ ಕೋಣೆಯಲ್ಲಿ ಒಂದೇ ಇರುತ್ತಿತ್ತು. ಇನ್ನೊಬ್ಬರ ಕೈಯಲ್ಲಿ ಇದ್ದರೆ ಕಾಯಬೇಕು. ಕಿತ್ತುಕೊಳ್ಳುವ ಹಾಗಿಲ್ಲ. ಮುಗಿದ ಮೇಲೆ ಇದ್ದ ಜಾಗದಲ್ಲೇ ಇಡಬೇಕು. ಯಾವುದನ್ನು ತೆಗೆದುಕೊಳ್ಳಬೇಕು, ಎಷ್ಟು ಹೊತ್ತು ಮಾಡಬೇಕು ಅನ್ನುವುದು ಮಾತ್ರ ಮಗುವಿನ ಇಷ್ಟ.

ಈಗ ಹೊಸ ಕಾಲದ ಒಂದು ಪ್ರಯೋಗಕ್ಕೆ ಬರುತ್ತೇನೆ. ನನಗೆ ತುಂಬ ಪಾಠ ಕಲಿಸಿದ ಪ್ರಯೋಗ ಇದು. ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಅಧ್ಯಯನ ಮಾಡುವ ಎಲಿಜಬೆತ್ ಬೊನಾವಿಟ್ಜ್, ಲಾರಾ ಶುಲ್ಜ್ ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ ಮಾಡಿ, 2011ರಲ್ಲಿ ಪ್ರಕಟಿಸಿದ್ದು. ಕೊಳವೆಗಳನ್ನು ಜೋಡಿಸಿ ಮಾಡಿದ ಒಂದು ಹೊಸ ಆಟಿಕೆ. ಅದರಲ್ಲಿ ನಾಲ್ಕು ಗುಟ್ಟು ಅಡಗಿಸಿದ್ದರು. ಒಂದು ಕಡೆ ಎಳೆದರೆ ಕೀಚ್ ಅನ್ನುತ್ತದೆ. ಒಂದು ಕಡೆ ಒತ್ತಿದರೆ ದೀಪ ಹತ್ತುತ್ತದೆ. ಇನ್ನೊಂದು ಕಡೆ ಸಂಗೀತದ ಸ್ವರ. ಒಂದು ಕೊಳವೆಯೊಳಗೆ ಕನ್ನಡಿ. ಇದನ್ನು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಬೇರೆ ಬೇರೆ ರೀತಿಯಲ್ಲಿ ಕೊಟ್ಟರು. ಕೆಲವರಿಗೆ ಟೀಚರ್ ಥರ, "ನೋಡು, ಇದು ಹೇಗೆ ಕೆಲಸ ಮಾಡುತ್ತೆ ತೋರಿಸ್ತೀನಿ" ಅಂತ ಹೇಳಿ ಕೀಚ್ ಅನ್ನಿಸಿ ತೋರಿಸಿದರು. ಇನ್ನು ಕೆಲವರಿಗೆ, ಅಕಸ್ಮಾತ್ ಕೈ ತಗುಲಿ ಕೀಚ್ ಅಂದಹಾಗೆ ಮಾಡಿದರು. ಆಮೇಲೆ ಆಟಿಕೆಯನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಿದ್ದರು.

ಪಾಠ ಕೇಳಿದ ಮಕ್ಕಳು ಆಟಿಕೆಯ ಜೊತೆ ಕಡಿಮೆ ಹೊತ್ತು ಆಡಿದರು, ಅದರ ಗುಟ್ಟುಗಳಲ್ಲಿ ಕಡಿಮೆ ಕಂಡುಹಿಡಿದರು. ತೋರಿಸಿದ ಕೀಚ್ ಸದ್ದನ್ನು ಮಾತ್ರ ಚೆನ್ನಾಗಿ ಮಾಡಿದರು. ಪಾಠ ಸಿಗದ ಮಕ್ಕಳು ತಿರುಗಿಸಿ, ಇಣುಕಿ, ಒತ್ತಿ ನೋಡಿ ಜಾಸ್ತಿ ಕಂಡುಕೊಂಡರು. ಇದರಲ್ಲಿ ಇನ್ನೊಂದು ಗುಂಪೂ ಇತ್ತು. ಅವರಿಗೂ ಟೀಚರ್ ತೋರಿಸಿದರು, ಆದರೆ ತೋರಿಸಿದ ತಕ್ಷಣ "ಅಯ್ಯೋ, ನನಗೊಂದು ಕೆಲಸ ಇದೆ" ಅಂತ ಎದ್ದುಹೋದರು. ಆ ಮಕ್ಕಳೂ ಜಾಸ್ತಿ ಹುಡುಕಿದರು!

ಯಾಕೆ ಹೀಗೆ? ಪಾಠ ಕೇಳಿದ ಮಕ್ಕಳು ದಡ್ಡರಲ್ಲ. ಅವರು ತುಂಬ ಸರಿಯಾಗಿ ಯೋಚನೆ ಮಾಡಿದರು. ಟೀಚರ್‌ಗೆ ಇದರ ಬಗ್ಗೆ ಎಲ್ಲ ಗೊತ್ತು, ಇನ್ನೇನಾದರೂ ಇದ್ದಿದ್ದರೆ ತೋರಿಸುತ್ತಿದ್ದರು, ತೋರಿಸಲಿಲ್ಲ ಅಂದರೆ ಇನ್ನೇನೂ ಇಲ್ಲ. ಎದ್ದುಹೋದ ಟೀಚರ್ ಪೂರ್ತಿ ತೋರಿಸಲಿಲ್ಲ, ಹಾಗಾಗಿ ಇನ್ನೂ ಏನೋ ಇರಬಹುದು. ಮಕ್ಕಳು ನಮ್ಮನ್ನು ಅಷ್ಟು ನಂಬುತ್ತಾರೆ. ಆ ನಂಬಿಕೆಯನ್ನು ನೆನೆದರೆ ನನಗೆ ಜವಾಬ್ದಾರಿ ಹೆಚ್ಚಾದ ಹಾಗೆ ಅನ್ನಿಸುತ್ತದೆ. ನಾವು ಬಾಯಿ ತೆರೆದಾಗಲೆಲ್ಲ ಮಗುವಿಗೆ ಒಂದು ವಿಷಯ ಸಿಗುತ್ತದೆ, ಜೊತೆಗೆ "ಇಷ್ಟೇ" ಅನ್ನುವ ಬೇಲಿಯೂ ಸಿಗುತ್ತದೆ.

ಹಾಗಾದರೆ ಏನೂ ಹೇಳಿಕೊಡಬಾರದಾ? ಹೇಳಿಕೊಡಬೇಕು. ಗ್ಯಾಸ್ ಒಲೆ, ಚಾಕು, ರಸ್ತೆ ದಾಟುವುದು, ಇದರಲ್ಲೆಲ್ಲ "ತಾನೇ ಕಂಡುಕೊಳ್ಳಲಿ" ಅನ್ನುವುದು ಹುಚ್ಚುತನ. ಕತ್ತರಿ ಹಿಡಿಯುವುದು ಹೇಗೆ ಅಂತ ತೋರಿಸಿದರೆ ಮಗುವಿನ ಸಮಯ ಉಳಿಯುತ್ತದೆ. ಆದರೆ ನೀರಿನಲ್ಲಿ ಯಾವುದು ತೇಲುತ್ತದೆ, ಎಲೆ ಯಾಕೆ ಒದ್ದೆ ಆಗುವುದಿಲ್ಲ, ಇರುವೆ ಸಾಲು ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ ನಮಗೆ ಉತ್ತರ ಗೊತ್ತಿದ್ದರೂ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು.

ಇಲ್ಲಿ ಒಬ್ಬರ ಮುಖದಲ್ಲಿ ನನಗೆ ಒಂದು ಮಾತು ಕಾಣುತ್ತಿದೆ. ಇದೆಲ್ಲ ದುಡ್ಡಿದ್ದವರ ಶಾಲೆಯ ಮಾತು ಅಂತ. ಹಾಗೆ ಅನ್ನಿಸುವುದು ಸಹಜ. ಸ್ಯಾನ್ ಲೊರೆಂಜೊದ ಮಕ್ಕಳು ಕೂಲಿಗಳ ಮಕ್ಕಳು ಅನ್ನುವುದನ್ನು ನಾವು ಮರೆತುಬಿಟ್ಟಿದ್ದೇವೆ. ನಮ್ಮ ದೇಶದ ಕತೆಯೂ ಅಂಥದ್ದೇ.

ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಅಂತ ಒಬ್ಬರು ವಕೀಲರಿದ್ದರು. ಮಗ ಹುಟ್ಟಿದ ಮೇಲೆ ಅವನನ್ನು ಬೆಳೆಸುವುದು ಹೇಗೆ ಅಂತ ಓದಲು ಹೋಗಿ, ವಕೀಲಿಕೆಯನ್ನೇ ಬಿಟ್ಟರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಹೊಡೆಯುವುದು, ಹೆದರಿಸುವುದು ಅಲ್ಲಿ ಇರಲಿಲ್ಲ. ಜನ ಅವರನ್ನು ಮೀಸೆ ಇರುವ ತಾಯಿ ಅಂತ ಕರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಅದನ್ನು ಇನ್ನೂ ಮುಂದಕ್ಕೆ, ಬಡವರಲ್ಲಿ ಬಡವರ ಹತ್ತಿರಕ್ಕೆ ಒಯ್ದರು. 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ಕೆಲಸ ಶುರು. 1957ರಲ್ಲಿ ಪಕ್ಕದ ಕೋಸಬಾಡ್ ಗುಡ್ಡಕ್ಕೆ. ಜೊತೆಗೆ ಅನುತಾಯಿ ವಾಘ್.

ಅಲ್ಲಿ ಇದ್ದವರು ವಾರ್ಲಿ ಆದಿವಾಸಿಗಳು. ಶಾಲೆ ತೆರೆದರೆ ಮಕ್ಕಳು ಬರಲಿಲ್ಲ. ಯಾಕೆ ಬರುತ್ತಿಲ್ಲ ಅಂತ ಬೈಯುವ ಬದಲು ಇವರು ಅವರ ಕೇರಿಗೇ ಹೋದರು. ಮನೆ ಅಂಗಳದಲ್ಲೇ ಮಕ್ಕಳನ್ನು ಸೇರಿಸಿದರು. ಅಂಗನವಾಡಿ ಅನ್ನುವ ಹೆಸರು ಅಲ್ಲಿಂದ ಬಂದದ್ದು. ಸ್ವಲ್ಪ ದೊಡ್ಡ ಮಕ್ಕಳು ದನ ಮೇಯಿಸಲು ಹೋಗುತ್ತಿದ್ದರೆ, ದನ ಮೇಯುವ ಹುಲ್ಲುಗಾವಲಿನಲ್ಲೇ ಶಾಲೆ ಮಾಡಿದರು. ತಂಗಿ ತಮ್ಮನನ್ನು ಎತ್ತಿಕೊಂಡು ಬರುವ ಅಕ್ಕಂದಿರಿಗಾಗಿ ಶಾಲೆಯ ಪಕ್ಕದಲ್ಲೇ ಶಿಶುವಿಹಾರ ಇಟ್ಟರು. ಮಾಂಟೆಸ್ಸರಿಯ ದುಬಾರಿ ಸಾಮಾನು ಕೊಳ್ಳಲು ಹಣ ಎಲ್ಲಿತ್ತು? ಕಪ್ಪೆಚಿಪ್ಪು, ಬೀಜ, ಕಲ್ಲು, ಎಲೆ, ಇವೇ ಎಣಿಕೆಯ, ವಿಂಗಡಣೆಯ ಸಾಮಾನು ಆದವು. ನಾನು ಇವರನ್ನು ತುಂಬ ದೊಡ್ಡವರು ಅಂತ ತಿಳಿದಿದ್ದೇನೆ. ಪರದೇಶದಿಂದ ಬಂದ ವಿಚಾರವನ್ನು ಹಾಗೇ ತಂದು ಕೂರಿಸದೆ, ಅದರ ತಿರುಳನ್ನು ಮಾತ್ರ ಹಿಡಿದುಕೊಂಡರು.

ಆಮೇಲೆ 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಅಂಗನವಾಡಿ ಯೋಜನೆಯನ್ನು ದೇಶದ 33 ಕಡೆ ಶುರು ಮಾಡಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಈಗ ರಾಜ್ಯದಲ್ಲಿ 60,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೊಟ್ಟೆ, ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕ, ಇದರ ಜೊತೆ ಆಟ ಮತ್ತು ಕಲಿಕೆ ಕೂಡ ಆ ಜಾಗದ ಹುಟ್ಟುಗುಣ. ಅದನ್ನು ಬರೀ ಊಟ ಹಾಕುವ ಕೇಂದ್ರ ಅಂತ ನೋಡಬೇಡಿ.

ಇನ್ನು ನಮ್ಮ ಮನೆಗೆ ಬರೋಣ. ಮಗುವಿಗೆ ಹುಡುಕಲು, ಕಲಿಯಲು ಅಡುಗೆಮನೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹಳೆಯ ಮನೆಗಳ ಅಟ್ಟದಲ್ಲಿ ಸೇರು, ಪಾವು, ಚಟಾಕು ಇನ್ನೂ ಇರುತ್ತವೆ. ಅವನ್ನು ಇಳಿಸಿ, ತೊಳೆದು ಕೊಡಿ. ಒಂದು ದೊಡ್ಡ ತಟ್ಟೆ, ಒಂದಿಷ್ಟು ರಾಗಿ. ಮೂರು ವರ್ಷದ ಮಗು ತುಂಬಿಸುತ್ತದೆ, ಸುರಿಯುತ್ತದೆ, ಚೆಲ್ಲುತ್ತದೆ. ನಾಲ್ಕು ಚಟಾಕು ಸುರಿದರೆ ಒಂದು ಪಾವು ತುಂಬುತ್ತದೆ, ನಾಲ್ಕು ಪಾವು ಹಾಕಿದರೆ ಒಂದು ಸೇರು ಅನ್ನುವುದು ಎಷ್ಟೋ ದಿನ ಆದ ಮೇಲೆ ಅದಕ್ಕೇ ಗೊತ್ತಾಗುತ್ತದೆ. ಅವತ್ತು ಅದರ ಮುಖ ನೋಡಬೇಕು. ಅದಕ್ಕೆ ಮೊದಲೇ ನೀವು ಹೇಳಿಬಿಟ್ಟರೆ ಆ ಖುಷಿಯನ್ನು ಕಿತ್ತುಕೊಂಡ ಹಾಗೆ. ಚೆಲ್ಲಿದ ರಾಗಿಯನ್ನು ಗುಡಿಸಲು ಒಂದು ಚಿಕ್ಕ ಪೊರಕೆಯನ್ನೂ ಕೊಡಿ. ಆಟದಷ್ಟೇ ಪ್ರೀತಿಯಿಂದ ಗುಡಿಸುತ್ತದೆ.

ಅವರೆಕಾಯಿ ಕಾಲ ಬಂದರೆ ಇನ್ನೂ ಒಳ್ಳೆಯದು. ನೆನೆಸಿದ ಅವರೆಕಾಳನ್ನು ಹಿತುಕುವ ಕೆಲಸಕ್ಕೆ ಮಕ್ಕಳನ್ನು ಕೂರಿಸಿಕೊಳ್ಳಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು, ಎಷ್ಟು ಒತ್ತಿದರೆ ಬೇಳೆ ಹಾರುತ್ತದೆ, ಎಷ್ಟು ಒತ್ತಿದರೆ ನುಜ್ಜಾಗುತ್ತದೆ ಅಂತ ಬೆರಳೇ ಕಲಿಯುತ್ತದೆ. ಬೇಳೆ ಚಿಮ್ಮಿ ಅಜ್ಜನ ಮೇಲೆ ಬಿದ್ದರೆ ಮನೆಯೆಲ್ಲ ನಗು. ಮಗು ಅರ್ಧ ಗಂಟೆ ಕದಲುವುದಿಲ್ಲ. ಪೆನ್ಸಿಲ್ ಹಿಡಿಯಲು ಬೇಕಾದ ಶಕ್ತಿ ಇಲ್ಲಿಂದಲೇ ಬರುವುದು.

ಆದರೆ ಇದಕ್ಕೆಲ್ಲ ಸಮಯ ಬೇಕು. ನಾವು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ ಮಗು ಜೊತೆಗಿದ್ದರೆ ಅರ್ಧ ಗಂಟೆ. ಬೆಳಗ್ಗೆ ಕೆಲಸಕ್ಕೆ ಓಡುವ ತಾಯಿಗೆ ಇದನ್ನು ದಿನಾ ಮಾಡಿ ಅಂತ ನಾನು ಹೇಳಲಾರೆ. ವಾರದಲ್ಲಿ ಒಂದು ಬೆಳಗ್ಗೆ ಸಾಕು. ಮತ್ತೆ, ಇದು ತಾಯಿಯೊಬ್ಬಳ ಪಾಲಿನ ಕೆಲಸ ಅಂತ ಯಾರೂ ತಿಳಿಯಬೇಡಿ. ಅಪ್ಪಂದಿರು ಇವತ್ತು ಇಷ್ಟು ಜನ ಬಂದಿದ್ದೀರಿ, ನನಗೆ ತುಂಬ ಸಂತೋಷ.

ಈಗ ಭಯದ ವಿಷಯ. ಭಯ ಸುಳ್ಳಲ್ಲ. ಬಕೆಟ್‌ನಲ್ಲಿ ಕೆಲವೇ ಇಂಚು ನೀರಿದ್ದರೂ ಪುಟ್ಟ ಮಗು ಮುಳುಗಬಹುದು. ಸಂಪಿನ ಮುಚ್ಚಳ, ಬಾವಿಕಟ್ಟೆ, ತಾರಸಿಯ ಗೋಡೆ, ಪ್ಲಗ್ ಪಾಯಿಂಟ್, ರಿಮೋಟ್‌ನೊಳಗಿನ ಬಟನ್ ಬ್ಯಾಟರಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಇಡೀ ಕಡಲೆಬೀಜ, ಇವು ಪ್ರಾಣಕ್ಕೆ ಕುತ್ತು ತರುವಂಥವು. ಇಲ್ಲಿ ಮಗುವಿಗೆ ಯಾವ ಸ್ವಾತಂತ್ರ್ಯವೂ ಬೇಡ. ಸಂಪಿಗೆ ಬೀಗ ಹಾಕಿ. ಬಕೆಟ್ ಬೋರಲು ಹಾಕಿ. ಹೀಗೆ ನಿಜವಾದ ಅಪಾಯಗಳನ್ನು ನಾವು ಮುಚ್ಚಿಬಿಟ್ಟರೆ, ಉಳಿದ ಕಡೆ ದಿನಕ್ಕೆ ನೂರು ಸಲ "ಬೇಡ" ಅನ್ನುವ ಅಗತ್ಯ ಬೀಳುವುದಿಲ್ಲ.

ಉಳಿಯುವುದು ಚಿಕ್ಕಪುಟ್ಟ ಅಪಾಯ. ಮಂಡಿ ತರಚುವುದು, ಕಟ್ಟೆ ಮೇಲಿಂದ ಹಾರುವುದು, ಸೀಬೆ ಮರದ ಮೊದಲ ಕೊಂಬೆ ಹತ್ತುವುದು. ಇದರಲ್ಲಿ, ಶುರುವಿನಲ್ಲಿ ಹೇಳಿದ ಕರೆನ್ ಅಡಾಲ್ಫ್ ಅವರ ಇನ್ನೊಂದು ಕೆಲಸ ನೆನಪಿಗೆ ಬರುತ್ತದೆ. ಇಳಿಜಾರು ಹಲಗೆಯ ಮೇಲೆ ಮಕ್ಕಳನ್ನು ಬಿಟ್ಟು ನೋಡಿದರು. ಹೊಸದಾಗಿ ಅಂಬೆಗಾಲಿಡುವ ಮಗು ಕಡಿದಾದ ಇಳಿಜಾರಿನಲ್ಲೂ ಮುಂದೆ ಹೋಗಿಬಿಡುತ್ತದೆ. ವಾರಗಟ್ಟಲೆ ಅಂಬೆಗಾಲಿಟ್ಟ ಮೇಲೆ ಅದಕ್ಕೆ ಗೊತ್ತಾಗುತ್ತದೆ, ಇದು ಇಳಿಯಬಹುದು, ಇದು ಆಗಲ್ಲ ಅಂತ. ಆಶ್ಚರ್ಯ ಅಂದರೆ, ಅದೇ ಮಗು ನಡೆಯಲು ಶುರು ಮಾಡಿದಾಗ ಮತ್ತೆ ಅದೇ ಇಳಿಜಾರಿನಲ್ಲಿ ಮುಂದೆ ನುಗ್ಗುತ್ತದೆ! ಅಂಬೆಗಾಲಿನಲ್ಲಿ ಕಲಿತ ಅಂದಾಜು ನಡಿಗೆಗೆ ಬರುವುದಿಲ್ಲ. ಮತ್ತೆ ಮೊದಲಿನಿಂದ ಕಲಿಯಬೇಕು. ಅಂದಾಜು ಅನ್ನುವುದು ಹೇಳಿಕೊಟ್ಟು ಬರುವುದಲ್ಲ, ಮಾಡಿ ಮಾಡಿ ಬರಬೇಕು. ಆ ಪ್ರಯೋಗದಲ್ಲಿ ಒಬ್ಬರು ಸದಾ ಮಗುವಿನ ಪಕ್ಕದಲ್ಲೇ ಇರುತ್ತಿದ್ದರು, ಬಿದ್ದರೆ ಹಿಡಿಯಲು. ಮೊದಲೇ ಹಿಡಿದುಕೊಂಡು ನಡೆಸುತ್ತಿರಲಿಲ್ಲ. ನಾವು ಇರಬೇಕಾದದ್ದೂ ಹಾಗೇ.

ಪಕ್ಕದಲ್ಲಿರುವುದು ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಮನೋವಿಜ್ಞಾನಿ ಮೇರಿ ಏನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ನೋಡಿ ಬರೆದರು. ಮಗು ಅಮ್ಮನಿಂದ ದೂರ ಹೋಗುತ್ತದೆ, ಏನನ್ನೋ ನೋಡುತ್ತದೆ, ತಿರುಗಿ ಅಮ್ಮನನ್ನು ನೋಡುತ್ತದೆ, ಇನ್ನೂ ಸ್ವಲ್ಪ ದೂರ ಹೋಗುತ್ತದೆ. ಅಮ್ಮ ಇದ್ದಾಳೆ ಅನ್ನುವ ಧೈರ್ಯ ಇರುವ ಮಗುವೇ ಜಾಸ್ತಿ ಹುಡುಕುವುದು. ಹಾಗಾಗಿ ಮಗುವನ್ನು ಎತ್ತಿ ಮುದ್ದು ಮಾಡುವುದಕ್ಕೂ, ಅದನ್ನು ಅದರಷ್ಟಕ್ಕೆ ಆಡಲು ಬಿಡುವುದಕ್ಕೂ ಜಗಳ ಇಲ್ಲ. ಓಡಿ ಬಂದಾಗ ಎತ್ತಿಕೊಳ್ಳಿ. ಹೋಗಲು ಹೊರಟಾಗ ಇಳಿಸಿ.

ಒಂದು ಮಾತು ವಾಕರ್ ಬಗ್ಗೆ. ಗಾಲಿ ಇರುವ, ಮಗುವನ್ನು ಒಳಗೆ ಕೂರಿಸುವ ವಾಕರನ್ನು ನಾಮಕರಣಕ್ಕೆ ಉಡುಗೊರೆ ಕೊಡುತ್ತೇವೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು, ಮೆಟ್ಟಿಲಿಂದ ಉರುಳಿ ಮಕ್ಕಳಿಗೆ ಪೆಟ್ಟಾಗುತ್ತಿತ್ತು ಅಂತ. ನಮ್ಮ ಹಳೆಯ ಮೂರು ಗಾಲಿಯ ಮರದ ಗಾಡಿ ಎಷ್ಟೋ ಮೇಲು. ಅದನ್ನು ಹಿಡಿದು ನಿಲ್ಲುವುದೂ ತಳ್ಳುವುದೂ ಮಗುವೇ. ಸುಸ್ತಾದರೆ ಕೈ ಬಿಟ್ಟು ಕೂರುವುದೂ ಮಗುವೇ.

ಮೊಬೈಲ್ ಬಗ್ಗೆ ನಿಮಗೆ ಎಲ್ಲ ಗೊತ್ತಿದೆ, ಜಾಸ್ತಿ ಹೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಇನ್ನೊಂದು ಮಾತು ಮಾತ್ರ ಹೆಚ್ಚು ಜನರಿಗೆ ತಲುಪಿಲ್ಲ. ಐದು ವರ್ಷದೊಳಗಿನ ಮಕ್ಕಳನ್ನು ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಗಾಡಿಯಲ್ಲೋ ಕುರ್ಚಿಯಲ್ಲೋ ಕಟ್ಟಿ ಕೂರಿಸಬಾರದು. ಒಂದು ವರ್ಷದಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಿಕೊಂಡಿರಬೇಕು. ಮೂರು ಗಂಟೆ! ನಗರದ ಫ್ಲ್ಯಾಟ್‌ನಲ್ಲಿರುವ ನಾವು ಇದನ್ನು ನಿಜವಾಗಿ ಕೂತು ಲೆಕ್ಕ ಹಾಕಬೇಕು.

ಶಾಲೆಯ ವಿಷಯದಲ್ಲಿ ನಾವು ಕನ್ನಡದವರು ಹೆಮ್ಮೆಪಡುವ ಒಂದು ಕೆಲಸ ಇದೆ. ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ್ದು. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ. ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನೇ ನೋಡಿ, ಕಾರ್ಡ್ ತೆಗೆದುಕೊಂಡು ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಅಲ್ಲಿ ಒಂದು ಗುಂಪು ಕೂರುವ ಜಾಗ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರ ತಟ್ಟೆ, ಸ್ವಲ್ಪ ಸಹಾಯ ಸಾಕಾದವರ ತಟ್ಟೆ, ಗೆಳೆಯರ ಸಹಾಯದ ತಟ್ಟೆಗಳು, ಕೊನೆಗೆ ತಾನೇ ಕಲಿಯುವ ತಟ್ಟೆ. ಸುಗ್ಗಿಗೋ ಜಾತ್ರೆಗೋ ಹೋಗಿ ಹದಿನೈದು ದಿನ ಶಾಲೆ ತಪ್ಪಿಸಿದ ಮಗು ವಾಪಸ್ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ತರಗತಿ ಅದನ್ನು ಬಿಟ್ಟು ಮುಂದೆ ಓಡಿರುವುದಿಲ್ಲ. ಎಲ್ಲ ಕಡೆ ಇದು ಬರೆದ ಹಾಗೆ ನಡೆಯುತ್ತಿದೆ ಅಂತ ನಾನು ಹೇಳುವುದಿಲ್ಲ. ಶಿಕ್ಷಕರು ಕಡಿಮೆ, ದಾಖಲೆ ಬರೆಯುವ ಕೆಲಸ ಜಾಸ್ತಿ. ಆದರೆ ಚೆನ್ನಾಗಿ ನಡೆಯುವ ಒಂದು ನಲಿಕಲಿ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕೂತು ನೋಡಿ. ನಿಮ್ಮ ಮಗುವಿನ ಶಾಲೆಯಲ್ಲಿ ಏನು ಕೇಳಬೇಕು ಅಂತ ನಿಮಗೇ ಹೊಳೆಯುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು.

"ಪಕ್ಕದ ಮನೆ ಹುಡುಗ ಎಲ್‌ಕೆಜಿಯಲ್ಲೇ ಎರಡು ಪುಟ ಬರೀತಾನೆ. ನಮ್ಮವಳು ಬರೀ ಆಡಿಕೊಂಡಿದ್ದರೆ ಹಿಂದೆ ಬೀಳಲ್ವಾ ಮೇಡಂ?"

ನಿಮ್ಮ ಆತಂಕ ನನಗೆ ಅರ್ಥ ಆಗುತ್ತದೆ. ಮೊದಲು ಮಗುವಿನ ಮಣಿಕಟ್ಟನ್ನು ಹಿಡಿದು ನೋಡಿ. ಅಲ್ಲಿ ಎಂಟು ಪುಟ್ಟ ಮೂಳೆಗಳಿರಬೇಕು. ಹುಟ್ಟುವಾಗ ಅವು ಮೂಳೆಯೇ ಆಗಿರುವುದಿಲ್ಲ, ಮೆದು ಎಲುಬು. ಒಂದೊಂದಾಗಿ, ವರ್ಷಗಟ್ಟಲೆ ಸಮಯ ತೆಗೆದುಕೊಂಡು ಗಟ್ಟಿ ಆಗುತ್ತವೆ. ನಾಲ್ಕು ವರ್ಷಕ್ಕೆ ಆ ಕೆಲಸ ಇನ್ನೂ ಮುಗಿದಿರುವುದಿಲ್ಲ. ಅಂಥ ಕೈಗೆ ಎರಡು ಪುಟ ಕಾಪಿ ಬರೆಸುವುದು ಆ ಹುಡುಗನಿಗೂ ಒಳ್ಳೆಯದಲ್ಲ. ಫಿನ್‌ಲೆಂಡ್‌ನಲ್ಲಿ ಒಂದನೇ ತರಗತಿ ಶುರುವಾಗುವುದು ಮಗುವಿಗೆ ಏಳು ವರ್ಷ ತುಂಬುವ ವರ್ಷದಲ್ಲಿ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಅಂತ ಹಿಡಿದು, ಆಟದ ಮೂಲಕ ಕಲಿಕೆ ಅಂತ ಹೇಳಿದೆ. ನಿಮ್ಮ ಮಗಳು ಮಣ್ಣಲ್ಲಿ ಗೀಚಲಿ, ರಂಗೋಲಿ ಎಳೆಯಲಿ, ಕತೆ ಕೇಳಲಿ. ಬರೆಯುವ ದಿನ ಬಂದಾಗ ಬರೆಯುತ್ತಾಳೆ.

"ಮಾಂಟೆಸ್ಸರಿ ಅಂತ ಬೋರ್ಡ್ ಇರೋ ಶಾಲೆಗೆ ಸೇರಿಸಿದರೆ ಸಾಕಾ?"

ಬೋರ್ಡ್ ಯಾರು ಬೇಕಾದರೂ ಹಾಕಬಹುದು. ಒಳಗೆ ಹೋಗಿ ನೋಡಿ. ಕಪಾಟು ಮಗುವಿನ ಎತ್ತರದಲ್ಲಿದೆಯಾ? ಯಾವ ಕೆಲಸ ಮಾಡಬೇಕು ಅಂತ ಆರಿಸುವುದು ಮಗುವಾ, ಟೀಚರಾ? ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆದು ಎಲ್ಲರನ್ನೂ ಎಬ್ಬಿಸುತ್ತಾರಾ? ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಇದ್ದಾರಾ? ಸಾಲು ಬೆಂಚು ಹಾಕಿ ವರ್ಕ್‌ಶೀಟ್ ಹಂಚುತ್ತಿದ್ದರೆ ಬೋರ್ಡ್ ಏನೇ ಇರಲಿ, ನೀವು ಹುಡುಕುತ್ತಿರುವುದು ಅಲ್ಲಿಲ್ಲ.

"ನಮ್ಮ ಕೇಂದ್ರದಲ್ಲಿ ಒಂದೇ ಕೋಣೆ, ಇಪ್ಪತ್ತೈದು ಮಕ್ಕಳು. ನಾನೊಬ್ಬಳು, ಸಹಾಯಕಿ ಅಡುಗೆಗೆ. ಸ್ವಾತಂತ್ರ್ಯ ಕೊಟ್ಟರೆ ಸಂತೆ ಆಗತ್ತೆ ಮೇಡಂ."

ಒಂದೇ ದಿನ ಎಲ್ಲ ಬಿಟ್ಟರೆ ಆಗುತ್ತದೆ. ಅದಕ್ಕೇ ನಿಧಾನವಾಗಿ ಶುರು ಮಾಡಿ. ಮೊದಲ ವಾರ ನಾಲ್ಕೇ ತಟ್ಟೆ. ಒಂದರಲ್ಲಿ ಹೊಂಗೆ ಮತ್ತು ಹುಣಸೆ ಬೀಜ, ವಿಂಗಡಿಸಲು. ಒಂದರಲ್ಲಿ ಎರಡು ಲೋಟ, ಸ್ವಲ್ಪ ನೀರು. ಒಂದರಲ್ಲಿ ಒದ್ದೆ ಜೇಡಿಮಣ್ಣು. ಒಂದರಲ್ಲಿ ಮುಚ್ಚಳ ಬೇರೆ, ಡಬ್ಬ ಬೇರೆ ಮಾಡಿಟ್ಟ ಹಳೆಯ ಡಬ್ಬಗಳು. ತೆಗೆಯುವುದು, ಇಡುವುದು ಹೇಗೆ ಅಂತ ಮಾತಿಲ್ಲದೆ ಒಂದು ಸಲ ಮಾಡಿ ತೋರಿಸಿ. ಬೀಜದ ತಟ್ಟೆಯನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸು ದಾಟಿದವರಿಗೆ ಮಾತ್ರ, ಅದೂ ನಿಮ್ಮ ಕಣ್ಣೆದುರಿಗೆ ಕೊಡಿ. ಅರ್ಧ ಮಕ್ಕಳು ಇದರಲ್ಲಿದ್ದಾಗ ಉಳಿದವರ ಜೊತೆ ನೀವು ಹಾಡು, ಕತೆ ಮಾಡಿ. ಆಮೇಲೆ ಅದಲು ಬದಲು. ಐದು ವರ್ಷದ ಮಕ್ಕಳು ಮೂರು ವರ್ಷದವರಿಗೆ ಹೇಳಿಕೊಡಲು ಶುರು ಮಾಡುತ್ತಾರೆ, ಅದನ್ನು ತಡೆಯಬೇಡಿ. ಇಪ್ಪತ್ತೈದು ಮಕ್ಕಳಿಗೆ ಒಬ್ಬರೇ ಕಾರ್ಯಕರ್ತೆ ಅನ್ನುವುದು ನ್ಯಾಯ ಅಲ್ಲ. ಅದನ್ನು ಇಲಾಖೆಯ ಮುಂದೆ ಹೇಳುವಾಗ ನಾನೂ ನಿಮ್ಮ ಜೊತೆ ಬರುತ್ತೇನೆ.

ಕೊನೆಯ ಪ್ರಶ್ನೆ ಆ ಹಿಂದಿನ ಸಾಲಿನ ಅಜ್ಜಿಯದು. "ನೀವು ಹೇಳೋದೆಲ್ಲ ಸರಿ ಕಣಮ್ಮ. ಆದ್ರೆ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಮೊಮ್ಮಗ ಬಿದ್ದು ಹಣೆ ಒಡ್ಕೊಂಡ್ರೆ ಉತ್ತರ ಕೊಡಬೇಕಾದವಳು ನಾನು. ಅದಕ್ಕೇ ಟಿವಿ ಹಾಕಿ ಕೂರಿಸ್ತೀನಿ."

ಅಜ್ಜಿ, ಇವತ್ತು ಈ ಸಭೆಯಲ್ಲಿ ನಿಮ್ಮಷ್ಟು ಮುಖ್ಯವಾದ ಮಾತನ್ನು ಯಾರೂ ಆಡಿಲ್ಲ. ಬೇರೆಯವರ ಮಗುವನ್ನು, ಅದು ಸ್ವಂತ ಮೊಮ್ಮಗನೇ ಆಗಿರಲಿ, ನೋಡಿಕೊಳ್ಳುವವರಿಗೆ ಭಯ ಎರಡು ಪಟ್ಟು. ಆ ವಯಸ್ಸಿನಲ್ಲಿ ಓಡುವ ಮಗುವಿನ ಹಿಂದೆ ಓಡಲು ಮಂಡಿ ಕೂಡ ಬಿಡುವುದಿಲ್ಲ. ಹಾಗಾಗಿ ಈ ಮಾತು ನಿಮಗಲ್ಲ, ಇಲ್ಲಿರುವ ಮಗಂದಿರಿಗೆ, ಸೊಸೆಯಂದಿರಿಗೆ. ಈ ಭಾನುವಾರ ಅಮ್ಮನ ಜೊತೆ ಕೂತು ಮನೆಯನ್ನು ಒಂದು ಸುತ್ತು ನೋಡಿ. ಯಾವುದಕ್ಕೆ ಬೀಗ, ಯಾವುದಕ್ಕೆ ಮುಚ್ಚಳ ಅಂತ ನೀವೇ ಮಾಡಿ ಮುಗಿಸಿ. ಮಗು ಎಲ್ಲೆಲ್ಲಿ ಹತ್ತಬಹುದು, ಏನೇನು ಸುರಿಯಬಹುದು ಅಂತ ಒಟ್ಟಿಗೆ ನಿರ್ಧಾರ ಮಾಡಿ. ಆಮೇಲೆ ಮೊಮ್ಮಗ ಮಂಡಿ ತರಚಿಕೊಂಡರೆ ಅಮ್ಮನನ್ನು ಕೇಳುವುದಿಲ್ಲ ಅಂತ ಅವರ ಮುಂದೆಯೇ ಬಾಯಿಬಿಟ್ಟು ಹೇಳಿ. ಅಜ್ಜಿ, ಅವರು ಅಷ್ಟು ಮಾಡಿದ ಮೇಲೆ ನೀವು ಟಿವಿ ಆರಿಸಿ ನೋಡಿ, ಏನಾಯಿತು ಅಂತ ನನಗೆ ಬಂದು ಹೇಳಿ. ಮುಂದಿನ ತಿಂಗಳು ಇದೇ ಸಭಾಂಗಣದಲ್ಲಿ ಸಿಗುತ್ತೇನೆ.